ಟ್ಯಾಂಕ್ ತುಂಬಿದ್ದರೆ ಬೇಗ ನಿಲ್ಲುವ ಕಾರು

ನಮ್ಮ ಕಾರು ಮೊದಲ ಸಲ ದಾರಿಯಲ್ಲಿ ನಿಂತಾಗ ನಾನು ಅದಕ್ಕೆ ಒದ್ದೆ. ಹಿಂದಿನ ಟೈರಿಗೆ, ಚಪ್ಪಲಿ ಕಾಲಲ್ಲೇ. ಅರವತ್ತೊಂದು ವರ್ಷದ ಹೆಂಗಸು, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು, ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಪಕ್ಕ ನಿಂತು ಕಾರಿಗೆ ಒದೆಯುವುದನ್ನು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ಹಿಂದಿರುಗಿ ಹಿಂದಿರುಗಿ ನೋಡಿಕೊಂಡು ಹೋದರು. ಮುಂದಿನ ಸೀಟಿನಲ್ಲಿ ಕೂತಿದ್ದ ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಕಾಲ್ ನೋವ್ ಮಾಡ್ಕಬ್ಯಾಡ ಕಣವ್ವ. ಮನೇಲಿ ಒಬ್ರು ಕಾಲು ಓಗಿರಾದೇ ಸಾಕು."

ಹೋಗಿದ್ದು ಅಮ್ಮನ ಕಾಲು. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಹಾಸನದಲ್ಲಿ ಆಪರೇಷನ್ ಆಯಿತು, ಬೇರೆ ಕೀಲು ಹಾಕಿದರು. ಅಂದಿನಿಂದ ಅವಳು ಕುರ್ಚಿಯ ಎತ್ತರದಲ್ಲಿ ಕೂರಬಲ್ಲಳು, ಕುರ್ಚಿಯ ಎತ್ತರದಿಂದ ಏಳಬಲ್ಲಳು. ಅದಕ್ಕಿಂತ ಒಂದು ಗೇಣು ಮೇಲೆ ಹತ್ತಲಾರಳು, ಒಂದು ಗೇಣು ಕೆಳಗೆ ಇಳಿಯಲಾರಳು. ಬಸ್ಸಿನ ಮೆಟ್ಟಿಲು ಆಗದು. ಆಟೋ ಆಗದು. ಈಗಿನ ಕಾರುಗಳಲ್ಲಿ ಒಂದು ಹಳ್ಳಕ್ಕೆ ಇಳಿದ ಹಾಗೆ ಕೂರಬೇಕು, ಇಲ್ಲವೇ ಅಟ್ಟಕ್ಕೆ ಹತ್ತಿದ ಹಾಗೆ ಹತ್ತಬೇಕು. ಒಂದು ಸಲ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿ, ಇಳಿಸಲಾಗದೆ, ಡ್ರೈವರೂ ಬೀದಿಯ ಇನ್ನಿಬ್ಬರೂ ಸೇರಿ ಕಂಕುಳಿಗೆ ಕೈ ಹಾಕಿ ಎಳೆಯಬೇಕಾಯಿತು. ಅಮ್ಮನ ಸೆರಗು ಜಾರಿತು. ಅವತ್ತು ಮನೆಗೆ ಬಂದು ಅವಳು ಊಟ ಮಾಡಲಿಲ್ಲ. ಅಪ್ಪನ ಈ ಹಳೆಯ ಕಾರಿನ ಸೀಟು ಮಾತ್ರ ಸರಿಯಾಗಿ ಕುರ್ಚಿಯ ಎತ್ತರ. ಬಾಗಿಲು ಪೂರ್ತಿ ತೆರೆದುಕೊಳ್ಳುತ್ತದೆ. ಅಮ್ಮ ಬೆನ್ನು ತಿರುಗಿಸಿ ಕೂತು, ಕಾಲೆರಡನ್ನೂ ಕೈಯಲ್ಲೇ ಎತ್ತಿ ಒಳಗಿಟ್ಟುಕೊಂಡರೆ ಮುಗಿಯಿತು, ಯಾರ ಹಂಗೂ ಇಲ್ಲ.

ಹೋಗಬೇಕಾಗಿದ್ದು ಅರಕಲಗೂಡಿಗೆ. ಅಲ್ಲಿ ನನ್ನ ದೊಡ್ಡಮ್ಮ, ಅಮ್ಮನ ಒಬ್ಬಳೇ ಅಕ್ಕ, ಹಾಸಿಗೆ ಹಿಡಿದು ಮಲಗಿದ್ದಳು. ಮಗ ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡಮ್ಮನಿಗೆ ಒಬ್ಬೊಬ್ಬರಾಗಿ ಎಲ್ಲರೂ ಮರೆತುಹೋಗುತ್ತಿದ್ದರು. ಸೊಸೆಯನ್ನು ನರ್ಸು ಎನ್ನುತ್ತಿದ್ದಳು, ಮಗನನ್ನು ಯಾರದೋ ಮನೆಯ ಯಜಮಾನರು ಎಂದು ಮರ್ಯಾದೆಯಿಂದ ಮಾತಾಡಿಸುತ್ತಿದ್ದಳು. ಅಮ್ಮನೊಬ್ಬಳು ನೆನಪಿದ್ದಳು. ಪ್ರತಿ ಶುಕ್ರವಾರ ಅಮ್ಮ ಹೋಗಿ ಮಂಚದ ಪಕ್ಕ ಕೂತು ಗಂಜಿ ಕುಡಿಸಿದರೆ ಒಂದು ಲೋಟ ಇಳಿಯುತ್ತಿತ್ತು. ವಿಡಿಯೋ ಕಾಲ್ ಮಾಡಿಕೊಡುತ್ತೇನೆ ಎಂದು ನಾನು ಒಂದು ಸಲ ಹೇಳಿ ಬೈಸಿಕೊಂಡೆ.

"ಫೋನ್ನಾಗೆ ಕೈ ಇಡ್ಕಳಕ್ಕಾದದಾ? ಅಕ್ಕ ಕಣ್ ಮುಚ್ಚೋ ಒತ್ನಲ್ಲಿ ನಾನು ಪಕ್ಕದಲ್ಲಿರ್ಬೇಕು ಕಣವ್ವ. ಇನ್ನೇನೂ ಕೇಳಾಕಿಲ್ಲ ನಿನ್ನ."

ಅವಳು ಕೇಳಿದ್ದು ಅದೊಂದೇ. ಮದುವೆ ಮಕ್ಕಳು ಎಂದು ಏನೂ ಮಾಡಿಕೊಳ್ಳದೆ ಅವಳ ಜೊತೆಗೇ ಉಳಿದವಳು ನಾನು, ಅದರ ಕಥೆ ಇಲ್ಲಿ ಬೇಡ. ಅವಳು ನನ್ನಿಂದ ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಹಾಗಾಗಿ ಆ ಕಾರು ಓಡಲೇಬೇಕಿತ್ತು.

ಕಾರಿನ ರೋಗ ಹೀಗಿತ್ತು. ಊರು ಬಿಟ್ಟು ಸ್ವಲ್ಪ ದೂರ ಚೆನ್ನಾಗಿಯೇ ಓಡುವುದು. ಆಮೇಲೆ ಎಳೆತ ಕಡಿಮೆಯಾಗುವುದು, ಎರಡು ಸಲ ಬಿಕ್ಕಳಿಸುವುದು, ನಿಲ್ಲುವುದು. ನಿಂತ ಮೇಲೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ಇಪ್ಪತ್ತು ನಿಮಿಷ ಕಾದರೆ ಏನೂ ಆಗಿಲ್ಲವೆಂಬಂತೆ ಹೊರಡುವುದು, ನಾಲ್ಕೈದು ಕಿಲೋಮೀಟರ್ ಹೋಗಿ ಮತ್ತೆ ನಿಲ್ಲುವುದು. ಒಂದು ಗಂಟೆಯೊಳಗಿನ ದಾರಿಗೆ ಎರಡೂವರೆ ಗಂಟೆ.

ನಮ್ಮೂರಿನ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ಹಳ್ಳಿಮೈಸೂರಿನ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿಗೆ ನನ್ನ ಕೈಯಲ್ಲಿ ಸಿಕ್ಕವನು. ಈಗ ಅವನ ಮಗಳೇ ಕಾಲೇಜಿಗೆ ಹೋಗುತ್ತಾಳೆ, ತಲೆ ನರೆತಿದೆ, ಆದರೂ ನನ್ನನ್ನು ಕಂಡರೆ ಕೈಯಲ್ಲಿದ್ದ ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಾನೆ. ಇಂಥ ಕಾರುಗಳಲ್ಲಿ ಕಂಪ್ಯೂಟರು ಗಿಂಪ್ಯೂಟರು ಏನೂ ಇಲ್ಲ ಎಂದು ಅವನೇ ನನಗೆ ಬಾನೆಟ್ ಎತ್ತಿ ತೋರಿಸಿದ. ಹಿಂದೆ ಟ್ಯಾಂಕು. ಅಲ್ಲಿಂದ ಕಾರಿನ ಹೊಟ್ಟೆಯ ಕೆಳಗೆ ಒಂದು ಪೈಪು. ಮುಂದೆ ಪೆಟ್ರೋಲನ್ನು ಎಳೆದು ತಳ್ಳುವ ಪಂಪು. ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರು. ದಾರಿ ಇಷ್ಟೇ. ಈ ದಾರಿಯಲ್ಲಿ ಎಲ್ಲೋ ಪೆಟ್ರೋಲು ನಿಲ್ಲುತ್ತಿದೆ.

"ಕಾರ್ಬುರೇಟರಲ್ಲಿ ಕಸ ಕಟ್ಕಂಡದೆ ಮಿಸ್," ಎಂದ ಅವನು. ಬಿಚ್ಚಿ ತೊಳೆದು, ಸೂಜಿಯಂಥ ತೂತುಗಳಿಗೆಲ್ಲ ಗಾಳಿ ಊದಿ ಕೊಟ್ಟ. ಮುಂದಿನ ಶುಕ್ರವಾರ ಕಾರು ನಿಂತಿತು. ಫಿಲ್ಟರ್ ಬದಲಾಯಿಸಿದ. "ಈಗಿನ್ ಪೆಟ್ರೋಲು ರಬ್ಬರ್ ತಿಂದ್ಬುಡ್ತದೆ ಮಿಸ್," ಎಂದು ರಬ್ಬರ್ ಪೈಪುಗಳನ್ನೂ ಹೊಸದು ಹಾಕಿದ. ಅದರ ಮುಂದಿನ ಶುಕ್ರವಾರವೂ ನಿಂತಿತು.

ಆಗ ಅವನು ಬಿಸಿಲಿನ ಮೇಲೆ ಗೂಬೆ ಕೂರಿಸಿದ. ಪಂಪು ಕಾದರೆ ಒಳಗೇ ಪೆಟ್ರೋಲು ಆವಿಯಾಗುತ್ತದೆ, ಆವಿಯನ್ನು ಪಂಪು ಎಳೆಯಲಾರದು, ನಿಂತಾಗ ಒದ್ದೆ ಬಟ್ಟೆ ಹಾಕಿ ಎಂದ. ನನಗೆ ಒಪ್ಪಿಗೆಯಾಯಿತು. ಆವಿಯ ಪಾಠ ಮಾಡಿದವಳಲ್ಲವೇ. ಅಪ್ಪನ ಹಳೆಯ ಪಂಚೆ ಒಂದನ್ನು ಹರಿದು, ಎರಡು ಬಾಟಲಿ ನೀರಿನ ಜೊತೆ ಕಾರಿನಲ್ಲಿಟ್ಟುಕೊಂಡೆ. ಕಾರು ನಿಂತಿತು, ಪಂಪಿಗೆ ಒದ್ದೆ ಪಂಚೆ ಸುತ್ತಿ ಇಪ್ಪತ್ತು ನಿಮಿಷ ಕೂತೆವು, ಸ್ಟಾರ್ಟ್ ಆಯಿತು. ನನ್ನ ಖುಷಿ ಕೇಳಬೇಡಿ. ಒದ್ದೆ ಬಟ್ಟೆ ಹಾಕದಿದ್ದಾಗಲೂ ಇಪ್ಪತ್ತು ನಿಮಿಷಕ್ಕೇ ಸ್ಟಾರ್ಟ್ ಆಗುತ್ತಿತ್ತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಮೂರು ವಾರ ಆ ಪಂಚೆಯನ್ನು ನಂಬಿಕೊಂಡಿದ್ದೆ. ಆಮೇಲೊಂದು ಶುಕ್ರವಾರ ಬಿಸಿಲಿಗೆ ಮೊದಲೇ ಹೋಗೋಣವೆಂದು ಬೆಳಿಗ್ಗೆ ಆರೂವರೆಗೆ ಹೊರಟೆವು. ಗದ್ದೆಗಳ ಮೇಲೆ ಇನ್ನೂ ಮಂಜಿತ್ತು. ಎಂಟು ಕಿಲೋಮೀಟರಿಗೆ ನಿಂತಿತು. ಪಂಪಿನ ಮೇಲೆ ಅಂಗೈ ಇಟ್ಟರೆ ಉಗುರು ಬೆಚ್ಚಗೂ ಇರಲಿಲ್ಲ. ಪಂಚೆಯನ್ನು ಹೊಲಕ್ಕೆ ಬಿಸಾಕಿದೆ.

"ಅಂಗಾದ್ರೆ ಎ.ಸಿ. ಪಂಪೇ ಓಗಿದೆ ಮಿಸ್," ಎಂದ ಶಿಷ್ಯ.

"ಇದರಲ್ಲಿ ಫ್ಯಾನೇ ಇಲ್ಲವಲ್ಲೋ, ಎ.ಸಿ. ಎಲ್ಲಿಂದ ಬಂತು?"

ಅವನು ನಕ್ಕ. ಪೆಟ್ರೋಲ್ ಎಳೆಯುವ ಆ ಪಂಪನ್ನೇ ಮೆಕ್ಯಾನಿಕ್‌ಗಳು ಎ.ಸಿ. ಪಂಪು ಎನ್ನುವುದಂತೆ, ಯಾಕೆ ಎಂದು ಅವನಿಗೂ ಗೊತ್ತಿಲ್ಲ, ಅವನಿಗೆ ಕಲಿಸಿದವರಿಗೂ ಗೊತ್ತಿರಲಿಲ್ಲವಂತೆ. ಅದರೊಳಗಿನ ರಬ್ಬರ್ ಹಾಳೆ ಹರಿದಿರಬೇಕು, ಈ ಕಾಲದಲ್ಲಿ ಎಲ್ಲೂ ಸಿಗುವುದಿಲ್ಲ, ಚನ್ನರಾಯಪಟ್ಟಣದಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದಿದೆ, ಅಲ್ಲಿ ಇದ್ದರೆ ಇತ್ತು ಎಂದ. ಬಸ್ಸು ಹತ್ತಿ ಹೋದೆ. ಅಂಗಡಿಯ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರ್ ಕಳ್ಸುದ್ರಮ್ಮ ನಿಮ್ಮುನ್ನ?" ಎಂದರು. ಯಾರೂ ಕಳಿಸಿಲ್ಲ, ನಾನೇ ಬಂದೆ ಎಂದೆ. ಅವರು ಏಣಿ ಹಾಕಿಕೊಂಡು ಮೇಲಿನ ಹಲಗೆಯನ್ನೆಲ್ಲ ತಡಕಾಡಿ, ದೂಳು ಹಿಡಿದ ಒಂದೇ ಒಂದು ಪೊಟ್ಟಣ ಇಳಿಸಿದರು. ಮಡಿಲಲ್ಲಿಟ್ಟುಕೊಂಡು ಬಂದೆ. ಹಾಕಿಸಿದೆ. ಶುಕ್ರವಾರ ಕಾರು ಒಂಬತ್ತು ಕಿಲೋಮೀಟರಿಗೆ ನಿಂತಿತು.

ಹಾಸನಕ್ಕೂ ಹೋಗಿ ಬಂದೆ. ಅಲ್ಲಿ ಹಳೆಯ ಕಾರುಗಳನ್ನು ಬಲ್ಲ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದರು. ಹೋಗುವಾಗ ದಾರಿಯಲ್ಲಿ ಮೊದಲು ಒಮ್ಮೆ, ಆಮೇಲೆ ಮೊಸಳೆ ಎಂಬ ಊರಿನ ಹತ್ತಿರ ಇನ್ನೊಮ್ಮೆ ನಿಂತಿತು. ಅವರ ಗ್ಯಾರೇಜಿನಲ್ಲಿ ಮಾತ್ರ ಒಳ್ಳೆಯ ಹುಡುಗಿಯ ಹಾಗೆ ನಡೆದುಕೊಂಡಿತು. ಟ್ಯಾಂಕಿನ ಮುಚ್ಚಳ ತೆಗೆದಿಟ್ಟು, ಪೈಪಿಗೆ ಸೈಕಲ್ ಪಂಪಿನಲ್ಲಿ ಗಾಳಿ ಊದಿದರು. ಟ್ಯಾಂಕಿನೊಳಗೆ ಗುಳುಗುಳು ಸದ್ದು ಬಂತು. ಪೈಪು ಸ್ವಚ್ಛ. ಒಂದು ಗಂಟೆ ಎಂಜಿನ್ ಓಡಿಸಿಟ್ಟರು, ಕೆಮ್ಮಲಿಲ್ಲ. "ಏನೂ ಇಲ್ವಲ್ಲಮ್ಮ ಇದಕ್ಕೆ," ಎಂದರು. ನನಗೆ ಅಳು ಬರುವ ಹಾಗಾಯಿತು.

ಅದೇ ವಾರ ಅರಕಲಗೂಡಿನಿಂದ ಅತ್ತಿಗೆ ಫೋನ್ ಮಾಡಿದಳು, ದೊಡ್ಡಮ್ಮನ ಸೊಸೆ. ಡಾಕ್ಟರು ಬಂದು ನೋಡಿ, ಇನ್ನು ತಿಂಗಳ ಲೆಕ್ಕ ಬಿಡಿ, ವಾರದ ಲೆಕ್ಕ ಇಟ್ಟುಕೊಳ್ಳಿ ಎಂದರಂತೆ. ನಾನು ಶಿಷ್ಯನ ಗ್ಯಾರೇಜಿಗೆ ಹೋಗಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ನೆಲ ನೋಡಿಕೊಂಡು ಹೇಳಿದ.

"ಬೇಜಾರ್ ಮಾಡ್ಕಬ್ಯಾಡಿ ಮಿಸ್. ಇದ್ರು ಕತೆ ಮುಗೀತು. ಗುಜರಿಗೆ ಕೊಟ್ಬುಡಿ."

"ನಿನಗೆ ವಿಜ್ಞಾನದಲ್ಲಿ ಎಷ್ಟು ಬಂದಿತ್ತೋ ಎಂಟನೇ ಕ್ಲಾಸಲ್ಲಿ?" ಎಂದೆ. ಬಾಯಿಗೆ ಬಂದದ್ದನ್ನು ಆಡಿಬಿಡುವುದು ನನ್ನ ಚಾಳಿ. ಅವನ ಮುಖ ಸಣ್ಣದಾಯಿತು. ಪಾಪ ಅನ್ನಿಸಿತು, ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಿಡು ಅಂದರೆ ಬಿಡುವ ಪೈಕಿ ನಾನಲ್ಲ. ಅವತ್ತೇ ನಿರ್ಧಾರ ಮಾಡಿದೆ, ಇನ್ನು ಯಾರನ್ನೂ ಕೇಳುವುದಿಲ್ಲ. ಪೆಟ್ರೋಲು ಎಲ್ಲಿ ನಿಲ್ಲುತ್ತಿದೆ ಎಂದು ನಾನೇ ಕಂಡುಹಿಡಿಯುತ್ತೇನೆ.

ಮನೆಗೆ ಬಂದು ಒಂದು ನೋಟ್‌ಬುಕ್ ತೆಗೆದೆ. ಮಕ್ಕಳಿಗೆ ಹೇಳುತ್ತಿದ್ದುದನ್ನೇ ಮಾಡಿದೆ. ಊಹೆ ಆಮೇಲೆ, ಮೊದಲು ನೋಡಿದ್ದನ್ನು ಬರೆ. ಪ್ರತಿ ಪ್ರಯಾಣವನ್ನೂ ನೆನಪು ಮಾಡಿಕೊಂಡೆ. ಬಿಸಿಲಿತ್ತೋ ಇಲ್ಲವೋ, ಏರು ದಾರಿಯೋ ಇಳಿಜಾರೋ, ಟ್ಯಾಂಕಿನಲ್ಲಿ ಎಷ್ಟಿತ್ತು, ಎಷ್ಟು ದೂರಕ್ಕೆ ನಿಂತಿತು. ಬಿಸಿಲಿಗೂ ನಿಲ್ಲುವುದಕ್ಕೂ ಸಂಬಂಧವೇ ಕಾಣಲಿಲ್ಲ. ಏರಿಗೂ ಇಲ್ಲ. ಟ್ಯಾಂಕಿನ ಕಾಲಮ್ಮಿಗೆ ಬಂದಾಗ ನನಗೆ ನಾನೇ ತಪ್ಪು ಬರೆದಿದ್ದೇನೆ ಅನ್ನಿಸಿತು. ಎರಡು ಸಲ ನೋಡಿದೆ. ಟ್ಯಾಂಕು ತುಂಬಿದ್ದಾಗ ಎಂಟು, ಒಂಬತ್ತು ಕಿಲೋಮೀಟರಿಗೇ ನಿಂತಿತ್ತು. ಮುಕ್ಕಾಲು ಟ್ಯಾಂಕು ಇದ್ದಾಗ ಇಪ್ಪತ್ತು ದಾಟಿತ್ತು. ಒಂದು ಶುಕ್ರವಾರ ಬಂಕಿಗೆ ಹೋಗಲು ಮರೆತು, ಮುಳ್ಳು ತಳ ಮುಟ್ಟುತ್ತಿರುವಾಗ ಹೊರಟು, ಜೀವ ಕೈಯಲ್ಲಿ ಹಿಡಿದು ಓಡಿಸಿದ್ದೆನಲ್ಲ, ಅವತ್ತು ಅರಕಲಗೂಡಿನವರೆಗೂ ನಿಂತೇ ಇರಲಿಲ್ಲ.

ಅಂದರೆ ಹೊಟ್ಟೆ ತುಂಬಿದ್ದರೆ ಬೇಗ ಸುಸ್ತು, ಹಸಿದಿದ್ದರೆ ಓಟ. ಇದೆಂಥ ಕಾರು ಇದು? ನಾನು ಜಾಗರೂಕಳೆಂದು ಹೆಚ್ಚುಕಡಿಮೆ ಪ್ರತಿ ಗುರುವಾರ ಸಂಜೆ ಟ್ಯಾಂಕು ಕಂಠಮಟ್ಟ ತುಂಬಿಸುತ್ತಿದ್ದೆ. ಮೂರು ದಿನ ಆ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಕೂತರೂ ಅರ್ಥವಾಗಲಿಲ್ಲ. ಸಾರು ಒಲೆಯ ಮೇಲೇ ಎರಡು ಸಲ ಸೀದುಹೋಯಿತು.

ಆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅತ್ತಿಗೆಯ ಫೋನ್ ಬಂತು. ದೊಡ್ಡಮ್ಮ ಹಿಂದಿನ ದಿನದಿಂದ ಏನನ್ನೂ ನುಂಗಿಲ್ಲ, ಉಸಿರು ಮೇಲೆ ಮೇಲೆ ಬರುತ್ತಿದೆ. "ಚಿಕ್ಕತ್ತೇನ ಬೇಗ ಕರ್ಕೊಂಡ್ ಬಾ. ಕಣ್ ಬಿಟ್ಟಾಗೆಲ್ಲ ಬಾಗ್ಲು ಕಡೆ ನೋಡ್ತಾವ್ರೆ," ಎಂದಳು. ನಾನು ಮನೆಗೆ ಬೀಗ ಹಾಕುವಷ್ಟರಲ್ಲಿ ಅಮ್ಮ ಎಂದಿನಂತೆ ಕೋಲೂರಿಕೊಂಡು ಕಾರಿಗೊಂದು ಸುತ್ತು ಬಂದು ಹತ್ತಿ ಕೂತಿದ್ದಳು. ಮುಳ್ಳು ನೋಡಿದೆ. ಟ್ಯಾಂಕು ಪೂರ್ತಿ ತುಂಬಿತ್ತು. ಮೂರ್ಖಳ ಹಾಗೆ ನಾನೇ ಹಿಂದಿನ ಸಂಜೆ ಅಭ್ಯಾಸಬಲದಿಂದ ತುಂಬಿಸಿ ಬಂದಿದ್ದೆ.

ಒಂಬತ್ತನೆಯ ಕಿಲೋಮೀಟರಿನಲ್ಲಿ ಕಾರು ಬಿಕ್ಕಳಿಸಿತು, ಬೇಲಿಯ ಪಕ್ಕಕ್ಕೆ ಸರಿದು ನಿಂತಿತು. ಅಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡಳು.

ಈ ಸಲ ಒದೆಯಲಿಲ್ಲ. ಬಾನೆಟ್ ಎತ್ತಿದೆ. ಕಾರ್ಬುರೇಟರಿಗೆ ಬರುವ ರಬ್ಬರ್ ಪೈಪನ್ನು ಕಿತ್ತು ನೀರಿನ ಖಾಲಿ ಬಾಟಲಿಯೊಳಗೆ ಇಟ್ಟೆ. ಎಂಜಿನ್ ಬುಡದ ಬಿಸಿಗೆ ಒಂದು ಹನಿ ಬೀಳದಂತೆ ಬಾಟಲಿಯನ್ನು ದೂರ ಹಿಡಿದೆ.

"ಅಮ್ಮ, ಆ ಕಡೆಯಿಂದಲೇ ಬಗ್ಗಿ ಕೀ ತಿರುಗಿಸು. ನಾನು ಸಾಕು ಅನ್ನೋವರೆಗೂ."

ಅಮ್ಮ ಜೀವಮಾನದಲ್ಲಿ ಕಾರಿನ ಕೀ ಮುಟ್ಟಿದವಳಲ್ಲ. ಸೊಂಟ ಹಿಡಿದುಕೊಂಡು ಬಗ್ಗಿ ತಿರುಗಿಸಿದಳು. ಎಂಜಿನ್ ಗಿರಗಿರ ತಿರುಗಿತು. ಬಾಟಲಿಗೆ ಒಂದು ತೊಟ್ಟು ಬೀಳಲಿಲ್ಲ. ಇನ್ನೊಂದು ಸಲ ತಿರುಗಿಸಿದಳು. ಇಲ್ಲ.

ಕಾರ್ಬುರೇಟರಿಗೆ ಪೆಟ್ರೋಲೇ ಬರುತ್ತಿಲ್ಲವೆಂದ ಮೇಲೆ ತಪ್ಪು ಕಾರ್ಬುರೇಟರಿನದಲ್ಲ. ಪಂಪು ಹೊಸದು. ಪೈಪು ಸ್ವಚ್ಛ. ಹಿಂದೆ ಹಿಂದೆ ಸರಿಯುತ್ತ ಹೋದರೆ ಉಳಿದದ್ದು ಟ್ಯಾಂಕು. ಟ್ಯಾಂಕಿನಲ್ಲಿ ಪೆಟ್ರೋಲಿದೆ, ಆದರೂ ಬರುವುದಿಲ್ಲ. ತುಂಬಿದಷ್ಟೂ ಬರುವುದಿಲ್ಲ. ಗ್ಯಾರೇಜಿನಲ್ಲಿ ಮುಚ್ಚಳ ತೆಗೆದಿಟ್ಟಾಗ ಬರುತ್ತದೆ.

ಮುಚ್ಚಳ. ಕಾರಿನ ಹಿಂಬದಿಗೆ ನಡೆದೆ ಎನ್ನುವುದಕ್ಕಿಂತ ಓಡಿದೆ. ಬಂಕಿನಲ್ಲಿ ನಾನು ಸೀಟು ಬಿಟ್ಟು ಇಳಿಯುವವಳೇ ಅಲ್ಲ, ಹಾಗಾಗಿ ಟ್ಯಾಂಕಿನ ಬಾಯಿಯ ಮೇಲಿನ ಆ ಚಿಕ್ಕ ಕದವನ್ನು ನಾನೇ ತೆರೆದದ್ದು ಅದೇ ಮೊದಲು. ಕದದ ಒಳಗಿನ ಮುಚ್ಚಳವನ್ನು ಹಿಡಿದು ತಿರುಗಿಸಿದೆ. ಸುಯ್ ಎಂದು ದೊಡ್ಡದಾಗಿ ಸದ್ದು ಮಾಡಿಕೊಂಡು ಟ್ಯಾಂಕು ಗಾಳಿಯನ್ನು ಒಳಗೆ ಎಳೆದುಕೊಂಡಿತು. ಅಷ್ಟು ಹೊತ್ತು ಉಸಿರು ಕಟ್ಟಿದ್ದವರು ಉಸಿರೆಳೆದುಕೊಂಡ ಹಾಗೆ.

ಮುಂದಕ್ಕೆ ಬಂದು ಮತ್ತೆ ಬಾಟಲಿ ಹಿಡಿದು, "ಕೀ ತಿರುಗಿಸಮ್ಮ," ಎಂದು ಕೂಗಿದೆ. ಬಾಟಲಿಗೆ ಪೆಟ್ರೋಲು ಚಿಲ್ ಚಿಲ್ ಎಂದು ಚಿಮ್ಮಿತು.

ನನ್ನ ತಲೆಯನ್ನು ನಾನೇ ಚಚ್ಚಿಕೊಂಡೆ. ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಮಾಡುತ್ತೇವೆ, ಒಂದರಿಂದ ಎಣ್ಣೆ ಬರಬೇಕಾದರೆ ಇನ್ನೊಂದರಿಂದ ಗಾಳಿ ಹೋಗಬೇಕು, ಎಂದು ಮೂವತ್ತು ವರ್ಷ, ವರ್ಷಕ್ಕೆ ಎರಡೆರಡು ಸೆಕ್ಷನ್ನಿಗೆ ಪಾಠ ಮಾಡಿದವಳು ನಾನು. ಪಂಪು ಪೆಟ್ರೋಲು ಎಳೆದಷ್ಟೂ ಟ್ಯಾಂಕಿಗೆ ಗಾಳಿ ಹೋಗಬೇಕು. ಹೋಗದಿದ್ದರೆ ಒಳಗೆ ನಿರ್ವಾತವಾಗಿ, ಟ್ಯಾಂಕೇ ಪೆಟ್ರೋಲನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಟ್ಯಾಂಕು ತುಂಬಿದ್ದರೆ ಒಳಗಿರುವ ಗಾಳಿಯೇ ಸ್ವಲ್ಪ, ಬೇಗ ನಿಲ್ಲುತ್ತದೆ. ಖಾಲಿಯಿದ್ದರೆ ಗಾಳಿ ಜಾಸ್ತಿ, ದೂರ ಹೋಗುತ್ತದೆ. ನೋಟ್‌ಬುಕ್ ಸರಿಯಾಗಿಯೇ ಹೇಳಿತ್ತು.

ಗಾಳಿ ಹೋಗುವ ತೂತು ಮುಚ್ಚಳದಲ್ಲೇ ಇರಬೇಕಲ್ಲ ಎಂದು ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದೆ. ಮೇಲ್ಭಾಗ ಕಾಣುತ್ತಲೇ ಇರಲಿಲ್ಲ. ಅರ್ಧ ಬೆರಳು ದಪ್ಪಕ್ಕೆ ಅರಿಶಿನ, ಕುಂಕುಮ, ಮತ್ತೆ ಅರಿಶಿನ, ಮತ್ತೆ ಕುಂಕುಮ, ಪದರ ಪದರವಾಗಿ ಒಣಗಿ ಅರಗಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಎಲ್ಲಕ್ಕಿಂತ ಮೇಲೆ ಅವತ್ತಿನ ಬೆಳಗಿನದು, ಇನ್ನೂ ಹಸಿ.

ಅಪ್ಪ ಇದ್ದಾಗ ಅಮ್ಮ ಬಾನೆಟ್ಟಿಗೆ ಕುಂಕುಮ ಇಟ್ಟರೆ ಅವನಿಗೆ ಪಿತ್ತ ನೆತ್ತಿಗೇರುತ್ತಿತ್ತು, ಬಣ್ಣ ಹಾಳಾಗುತ್ತದೆ ಎಂದು. ಒಂದು ಸಲ ದೊಡ್ಡ ರಂಪವಾಗಿ ಅಮ್ಮ ಬಾನೆಟ್ಟು ಬಿಟ್ಟುಕೊಟ್ಟಳು. ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಮುಗಿದಿರಲಿಲ್ಲ. ಬಣ್ಣವಿಲ್ಲದ, ಗಂಡನ ಕಣ್ಣಿಗೆ ಬೀಳದ ಜಾಗವೊಂದನ್ನು ಅವಳು ಹುಡುಕಿಕೊಂಡಿದ್ದಳು. ಹೋದ ವರ್ಷ ಶ್ರಾವಣದಲ್ಲಿ ಅಪ್ಪ ತೀರಿಕೊಂಡ. ಅವತ್ತಿನಿಂದ ಅಮ್ಮ ತನ್ನ ಹಣೆಗೆ ಕುಂಕುಮ ಇಡುವುದನ್ನು ಬಿಟ್ಟಳು, ನಾನು ಎಷ್ಟು ಜಗಳವಾಡಿದರೂ ಕೇಳಲಿಲ್ಲ. ಕಾರಿಗೆ ಇಡುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಮುಚ್ಚಳ ಹಿಡಿದುಕೊಂಡು ಹೋಗಿ ಕಿಟಕಿಯೊಳಗೆ ಅವಳ ಮುಖದ ಮುಂದೆ ಹಿಡಿದೆ.

"ನೋಡು. ಇಷ್ಟು ತಿಂಗಳು ನಮ್ಮನ್ನ ದಾರೀಲಿ ನಿಲ್ಲಿಸಿದ್ದು ಇದು. ನಿನ್ನ ಪೂಜೆ. ನೀನೇ ಇದರ ಉಸಿರು ಕಟ್ಟಿಸ್ತಿರೋದು ಅಮ್ಮ."

ಅಮ್ಮ ಮುಚ್ಚಳವನ್ನೂ ನನ್ನನ್ನೂ ನೋಡಿದಳು.

"ನಾನಾ? ಅಕ್ಕನ್ನ ನೋಡಕ್ಕೋಗೋ ದಾರಿಗೆ ನಾನೇ ಅಡ್ಡ ಕುಂತಿದ್ನಾ?"

ನಾಲಿಗೆ ಕಚ್ಚಿಕೊಂಡೆ. ನನ್ನ ಬಾಯಿಗಿಷ್ಟು ಮಣ್ಣು ಹಾಕಬೇಕು ಅನ್ನಿಸಿತು. ಕೆರೆಯಲು ಏನಾದರೂ ಸಿಕ್ಕೀತೆಂದು ಡಿಕ್ಕಿ ತೆಗೆದು ಅಪ್ಪನ ಸಾಮಾನಿನ ಚೀಲ ಬಿಚ್ಚಿದೆ. ಸ್ಪ್ಯಾನರುಗಳ ಕೆಳಗೆ ಒಂದು ಕಾಗದದ ಸುರುಳಿ. ಅದರೊಳಗೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಗುಂಡುಸೂಜಿ. ಬ್ರಷ್ಷಿನ ಎಳೆಗಳು ಬುಡದವರೆಗೂ ಕೆಂಪಾಗಿದ್ದವು.

ಅಪ್ಪ ಶನಿವಾರ ಶನಿವಾರ ಕಾರು ತೊಳೆಯುತ್ತಿದ್ದ. ಶುಕ್ರವಾರ ಇಟ್ಟದ್ದನ್ನು ಶನಿವಾರ ಉಜ್ಜಿ ತೆಗೆದು, ಸೂಜಿಯಲ್ಲಿ ತೂತು ಬಿಡಿಸಿ ಇಡುತ್ತಿದ್ದ. ಬಾನೆಟ್ಟಿಗಾಗಿ ಬೀದಿ ಕೇಳುವ ಹಾಗೆ ಕೂಗಾಡಿದ ಮನುಷ್ಯ ಇದರ ಬಗ್ಗೆ ಎಷ್ಟೋ ವರ್ಷ ತುಟಿ ಪಿಟಕ್ಕೆನ್ನಲಿಲ್ಲ. ಅವನು ಹೋದ ಮೇಲೆ ಉಜ್ಜುವವರಿಲ್ಲದೆ ವಾರಕ್ಕೊಂದು ಪದರ ಬೆಳೆದು ತೂತು ಮುಚ್ಚಿತು.

ಬ್ರಷ್ಷನ್ನು ಅಮ್ಮನ ಕೈಗೆ ಕೊಟ್ಟೆ. ಅವಳಿಗೆ ಹೇಳಬೇಕಾದದ್ದು ಏನೂ ಇರಲಿಲ್ಲ, ನೋಡಿದ ಕೂಡಲೇ ಅರ್ಥವಾಯಿತು. ಎಳೆಗಳನ್ನು ಹೆಬ್ಬೆರಳಲ್ಲಿ ಒಂದು ಸಲ ಸವರಿದಳು.

"ಕದ ತಗುದ್ರೆ ಯಾವಾಗ್ಲೂ ತೊಳ್ದಿಟ್ಟಂಗಿರದು. ಮಳೆ ನೀರ್ಗೆ ಓಯ್ತದೆ ಅನ್ಕಂಡಿದ್ದೆ," ಎಂದಳು. "ಒಂದ್ ಮಾತ್ ಏಳ್ಬಾರ್ದಿತ್ತಾ ಆ ಮನುಸ," ಎಂದಳು. ಆಮೇಲೆ ಮುಚ್ಚಳಕ್ಕೆ ಕೈ ನೀಡಿದಳು. "ಕೊಡಿಲ್ಲಿ. ನೀನ್ ಪೈಪ್ ಸಿಗ್ಸೋಗು. ಒತ್ತಾಯ್ತದೆ."

ನಾನು ಪೈಪು ಸಿಕ್ಕಿಸಿ ಬಿಗಿ ಮಾಡುವಷ್ಟರಲ್ಲಿ ಅವಳು ಇನ್ನೊಂದು ಬಾಟಲಿಯ ನೀರು ಹಾಕಿಕೊಂಡು ಉಜ್ಜಿ, ಉಜ್ಜಿ, ಸೂಜಿಯಲ್ಲಿ ಚುಚ್ಚಿ, ಮುಚ್ಚಳವನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ತೂತಿನಿಂದ ಬೆಳಕು ಬಂತು ಎಂದಳು. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ತುಂಬಿದ ಟ್ಯಾಂಕಿನಲ್ಲಿ ಅರಕಲಗೂಡಿನವರೆಗೆ ಎಲ್ಲೂ ನಿಲ್ಲಲಿಲ್ಲ. ನಾನು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಎಂಜಿನ್ ಸದ್ದು ಕೇಳುತ್ತಿದ್ದೆ, ಅಮ್ಮನೂ ಅದನ್ನೇ ಕೇಳುತ್ತಿದ್ದಳು ಎಂದು ಕಾಣುತ್ತದೆ.

ದೊಡ್ಡಮ್ಮ ಇದ್ದಳು. ಕಣ್ಣು ಬಿಟ್ಟು ಅಮ್ಮನನ್ನು ನೋಡಿ, "ತಡ ಮಾಡ್ಬುಟ್ಟೆ ಕಣೇ," ಎಂದಳು. "ದಾರೀಲಿ ಒಸಿ ಕೆಲ್ಸ ಇತ್ತು ಕಣಕ್ಕ," ಎಂದಳು ಅಮ್ಮ. ಕುರ್ಚಿ ಎಳೆದುಕೊಂಡು ಮಂಚಕ್ಕೆ ತಾಗಿಸಿ ಕೂತಳು. ಮೂರು ಚಮಚ ಗಂಜಿ ಇಳಿಯಿತು. ಸಂಜೆ ಹೊರಡೋಣವೇ ಎಂದು ನಾನು ಕೇಳಲೂ ಇಲ್ಲ, ಅವಳು ಏಳಲೂ ಇಲ್ಲ. ಅವಳನ್ನು ಅಲ್ಲೇ ಬಿಟ್ಟು, ಮಾತ್ರೆ ಸೀರೆ ತರಲೆಂದು ಶನಿವಾರ ನಾನೊಬ್ಬಳೇ ಹೊಳೆನರಸೀಪುರಕ್ಕೆ ಬಂದು, ಭಾನುವಾರ ಕೊಟ್ಟು, ಮತ್ತೆ ಬಂದೆ. ಕಾರು ಎಲ್ಲೂ ಬಿಕ್ಕಳಿಸಲಿಲ್ಲ.

ಸೋಮವಾರ ಶಿಷ್ಯನ ಗ್ಯಾರೇಜಿಗೆ ಹೋಗಿ ಮುಚ್ಚಳ ತೋರಿಸಿದೆ. ಅವನು ಬಹಳ ಹೊತ್ತು ತೂತನ್ನು ನೋಡಿದ.

"ನಾಕ್ ಸಲ ಕೈಯಾಗ್ ಇಡ್ದಿವ್ನಿ ಮಿಸ್ ಇದ್ನ. ಕುಂಕುಮ ಇಟ್ಟವ್ರೆ, ಅಮ್ಮೋರು ಪೂಜೆ ಮಾಡವ್ರೆ, ಅದ್ನ ಎಂಗೆ ಕೆರೆಯದು ಅಂತ ಬಟ್ಟೆ ಆಸಿ ಮಡುಗ್ತಿದ್ದೆ."

ಹಾಸನದ ಮೇಸ್ತ್ರಿಯೂ ಹಾಗೆಯೇ ಮಾಡಿರಬೇಕು. ಬಂಕಿನವರೂ. ಮುಟ್ಟಿದವರೆಲ್ಲ ಕುಂಕುಮ ಕಲಕದಂತೆ ಅಂಚು ಹಿಡಿದು ತೆಗೆದು, ಅಂಚು ಹಿಡಿದು ಹಾಕಿದ್ದರು. ಎರಡು ತೂತಿನ ಪಾಠ ಮರೆತೆಯೇನೋ ಎಂದು ರೇಗಿಸಿದೆ. "ಮರ್ತಿಲ್ಲ ಮಿಸ್. ಅವತ್ತು ಕ್ಲಾಸಿಗೇ ಬಂದಿರ್ನಿಲ್ಲ," ಎಂದ. ಗುಜರಿಯ ದಿನ ನಾನು ಆಡಿದ ಮಾತಿಗೆ ತಪ್ಪಾಯಿತು ಎಂದೆ. ಅವನು ಬೀಡಿಯನ್ನು ಬೆನ್ನ ಹಿಂದಿಟ್ಟುಕೊಂಡೇ ತಲೆಯಾಡಿಸಿದ.

ಮಂಗಳವಾರ ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಅಮ್ಮನೇ ಫೋನ್ ಮಾಡಿದಳು. ತಾನಾಗಿ ಫೋನ್ ಮಾಡುವವಳಲ್ಲ, ಅತ್ತಿಗೆ ನಂಬರ್ ಒತ್ತಿಕೊಟ್ಟಿರಬೇಕು. ಅವಳ ದನಿ ಗಟ್ಟಿಯಾಗಿತ್ತು.

"ನನ್ ಕೈಯ ಇಡ್ಕಂಡೇ ಓದ್ಲು ಕಣವ್ವ," ಎಂದಳು. "ಗಾಡಿ ನಿಧಾನಕ್ಕೆ ಓಡುಸ್ಕಂಡ್ ಬಾ. ಇನ್ನೇನೂ ಅವಸ್ರ ಇಲ್ಲ."

ಅವಳ ಮಾತನ್ನು ನಾನು ಎಂದೂ ಕೇಳಿದವಳಲ್ಲ. ಅವತ್ತೂ ಕೇಳಲಿಲ್ಲ. ಎಂಬತ್ತು ವರ್ಷ ಅಕ್ಕ ಇದ್ದವಳು ಈಗ ಅಕ್ಕ ಇಲ್ಲದೆ ಅಲ್ಲಿ ಆ ಕುರ್ಚಿಯಲ್ಲಿ ಕೂತಿದ್ದಳು. ನನಗೆ ಅವಸರವಿತ್ತು.